ಚಂದಕವಾಡಿಯ ಮುನ್ನೂರ ಹನ್ನೆರಡು ಜ್ವರ

ಚಿಕ್ಕಣ್ಣನಿಗೆ ಬಂದ ಕಷ್ಟವೆಲ್ಲ ಅವನು ನಿಜ ಬರೆದದ್ದರಿಂದ ಬಂತು.

ಸಾವಿರದ ಒಂಬೈನೂರ ಐವತ್ತೊಂಬತ್ತನೇ ಇಸವಿ. ಮಲೇರಿಯಾ ಕೆಲಸಕ್ಕೆ ಹಂಗಾಮಿಯಾಗಿ ಸೇರಿ ಅವನಿಗೆ ಎರಡು ತಿಂಗಳಾಗಿತ್ತು. ಸೈಕಲ್ಲಿನಲ್ಲಿ ಹಳ್ಳಿಗೆ ಹೋಗಬೇಕು, ಮನೆಮನೆಯ ಬಾಗಿಲಲ್ಲಿ ನಿಂತು ಯಾರಿಗಾದರೂ ಜ್ವರ ಇದೆಯೆ ಎಂದು ಕೇಳಬೇಕು, ಇದ್ದರೆ ಬೆರಳಿಗೆ ಸೂಜಿ ತಾಗಿಸಿ ಒಂದು ತೊಟ್ಟು ರಕ್ತವನ್ನು ಗಾಜಿನ ಪಟ್ಟಿಗೆ ಹಚ್ಚಿಕೊಳ್ಳಬೇಕು, ಮಾತ್ರೆ ನುಂಗಿಸಬೇಕು, ಸಂಜೆ ಚಾಮರಾಜನಗರದ ಆಫೀಸಿಗೆ ವರದಿ ಒಪ್ಪಿಸಬೇಕು. ಎರಡು ತಿಂಗಳು ಕುದೇರಿನ ಸುತ್ತ ತಿರುಗಿದರೂ ಅವನಿಗೆ ಸಿಕ್ಕಿದ್ದು ನಾಲ್ಕು ಹಲ್ಲುನೋವು, ಕಾಲಲ್ಲಿ ಮುರಿದ ಮುಳ್ಳು, ಒಂದು ಮೇಕೆಯ ಹೊಟ್ಟೆಯುಬ್ಬರ. ಹೀಗಾಗಿ ಅವನ ವರದಿಯಲ್ಲಿ ದಿನವೂ 'ಜ್ವರ ಇಲ್ಲ' ಎಂದೇ ಇರುತ್ತಿತ್ತು.

ಇನ್ಸ್‌ಪೆಕ್ಟರ್ ಶಿವರುದ್ರಸ್ವಾಮಿಯವರಿಗೆ ಆ ಎರಡು ಪದ ಓದಿ ಓದಿ ತಮಗೇ ಮೈ ಬಿಸಿಯೇರತೊಡಗಿತ್ತು. ಆ ದಿನ ಬೆಳಿಗ್ಗೆ ಅವನನ್ನು ಎದುರಿಗೆ ನಿಲ್ಲಿಸಿಕೊಂಡರು.

"ಗುಂಡ್ಲುಪೇಟೆಯವರು ವಾರಕ್ಕೆ ಮೂವತ್ತು ಜ್ವರ ಹಿಡೀತಾರೆ. ನಮ್ಮದು ಸೊನ್ನೆ. ನಿಮ್ಮ ತಾಲ್ಲೂಕಿನಲ್ಲಿ ಸೊಳ್ಳೆ ಇಲ್ಲವೋ, ನಿಮ್ಮ ನೌಕರರಿಗೆ ಕಣ್ಣಿಲ್ಲವೋ ಅಂತ ಮೈಸೂರಿನಿಂದ ಕಾಗದ ಬಂದಿದೆ. ಏನಂತ ಬರೀಲಿ?"

"ಜ್ವರ ಇಲ್ದೆ ಇದ್ರೆ ಒಳ್ಳೇದಲ್ವಾ ಸಾರ್?"

"ಒಳ್ಳೇದೇ. ಆದರೆ ಅದು ಕೊನೆಗೆ ಆಗಬೇಕಾದ್ದು. ಮೊದಲು ಜ್ವರ ಇರಬೇಕು, ನಾವು ಹಿಡೀಬೇಕು, ಆಮೇಲೆ ಇಲ್ಲದ ಹಾಗೆ ಮಾಡಬೇಕು. ಮೊದಲೇ ಇಲ್ಲ ಅಂದರೆ ನಾವು ಯಾಕಿದ್ದೀವಿ ಅಂತ ಕೇಳ್ತಾರಯ್ಯ. ಇವತ್ತು ಚಂದಕವಾಡಿಗೆ ಹೋಗು. ಅಲ್ಲೂ ಇಲ್ಲ ಅಂತ ಬರೆದರೆ ಹಾಗೇ ನಿಮ್ಮೂರಿಗೆ ಹೋಗಿ ದನ ಕಾಯಿ."

ಚಿಕ್ಕಣ್ಣನ ಊರು ಗುಂಡ್ಲುಪೇಟೆಯಾಚೆ, ಕಾಡಂಚಿನ ಮದ್ದೂರು. ಆನೆ ಎದುರಾದರೆ ಎತ್ತ ಓಡಬೇಕು, ಚಳಿಜ್ವರ ಬಂದರೆ ಎಷ್ಟು ಕಂಬಳಿ ಹೊದಿಸಬೇಕು ಎಂಬೆರಡು ಪಾಠ ಅಲ್ಲಿ ಮಕ್ಕಳಿಗೆ ಅಕ್ಷರಕ್ಕಿಂತ ಮೊದಲು ಬರುತ್ತವೆ. ಅವನ ಚಿಕ್ಕಪ್ಪನ ಇಬ್ಬರು ಮಕ್ಕಳು ಆ ಜ್ವರದಲ್ಲೇ ಹೋಗಿದ್ದರು. ಹೀಗಾಗಿ ಈ ಕೆಲಸವನ್ನು ಅವನು ಬರೀ ಸಂಬಳಕ್ಕೆ ಮಾಡುತ್ತಿರಲಿಲ್ಲ. ದನ ಕಾಯುವುದರ ಬಗ್ಗೆ ಅವನಿಗೆ ಅಸಡ್ಡೆಯೇನೂ ಇರಲಿಲ್ಲ, ಆದರೆ ಕಾಯಲು ಅವನ ಮನೆಯಲ್ಲಿ ದನವಿರಲಿಲ್ಲ.

ಒಂಬತ್ತು ಗಂಟೆಗೆ ಅವನು ಚಂದಕವಾಡಿಗೆ ಬಂದಾಗ ಊರು ಉಸಿರು ಬಿಗಿಹಿಡಿದಂತಿತ್ತು. ಬೀದಿಯಲ್ಲಿ ಕೂಗಾಟವಿಲ್ಲ, ಒನಕೆಯ ಸದ್ದಿಲ್ಲ. ಕಿಟಕಿಗಳಿಗೆ ಗೋಣಿತಾಟು ಇಳಿಬಿಟ್ಟಿದ್ದರು. ಬಾಗಿಲ ಮೇಲೆ ಬೇವಿನ ಸೊಪ್ಪು. ಚಿಕ್ಕಣ್ಣನಿಗೆ ಮೈ ಜುಮ್ಮೆಂದಿತು. ಬೇವಿನ ಸೊಪ್ಪು ಕಟ್ಟಿದ ಮನೆಯಲ್ಲಿ ಎಂಥ ರೋಗವಿರುತ್ತದೆ ಎಂದು ಯಾರಿಗೆ ತಾನೆ ಗೊತ್ತಿಲ್ಲ?

ಮೊದಲ ಮನೆ ದೊಡ್ಡಮಲ್ಲಮ್ಮನದು. ಅರವತ್ತು ದಾಟಿದ ಗಟ್ಟಿ ಹೆಂಗಸು, ಹಣೆ ತುಂಬ ವಿಭೂತಿ. ಸೈಕಲ್ಲಿನ ಗಂಟೆ ಕೇಳಿ ಹೊರಗೆ ಬಂದವಳು ಬಾಗಿಲನ್ನು ಹಿಂದೆ ಎಳೆದುಕೊಂಡು, ಅವನ ಖಾಕಿ ಚೀಲ ನೋಡಿದಳು.

"ಯಾರಪ್ಪ, ಇಲಾಖೆಯವ್ರಾ?"

"ಊಂ ಕಣವ್ವ, ಇಲಾಖೆಯವ್ನೆ. ಮನೇಲಿ ಜ್ವರ ಏನಾರ ಅದಾ?"

"ಮೆಲ್ಲಗ್ ಮಾತಾಡಪ್ಪ. ನೆನ್ನೆ ಸಂಜೇಲಿ ಜ್ವರಕ್ಕೆ ಕುಂತವೆ."

ಎರಡು ತಿಂಗಳಲ್ಲಿ ಮೊದಲ ಬಾರಿಗೆ ಚಿಕ್ಕಣ್ಣ ಪೆನ್ಸಿಲನ್ನು ನಾಲಗೆಗೆ ತಾಗಿಸಿದ. ಮನೆಯಲ್ಲಿರುವವು ಮಕ್ಕಳೇ ಇರಬೇಕೆಂದು ಅವನೂ ಹಾಗೇ ಕೇಳಿದ. "ಎಷ್ಟಕ್ಕವ್ವ ಬಂದಿರದು?"

"ಎಲ್ಲಕ್ಕೂವೆ. ಲೆಕ್ಕ ಮಾಡ್ಬಾರ್ದು ಕಣಪ್ಪ, ಒಳ್ಳೇದಲ್ಲ."

"ಏನಾರ ತಿಂತಾವಾ?"

"ಜ್ವರದಲ್ಲಿ ಎಂಗಪ್ಪ ತಿಂದವು? ಬಾಯಿಗೇ ಮುಟ್ಟಕಿಲ್ಲ. ತಲೆ ಎತ್ಕಂಡು ಮಿಸುಕ್ದೆ ಕುಂತವೆ. ಮೈ ಬೆಳ್ಳಗಾಗಿ ಮಿರಮಿರ ಅಂತದೆ."

'ಮೈಯಲ್ಲಿ ರಕ್ತವಿಲ್ಲ' ಎಂದು ಚಿಕ್ಕಣ್ಣ ಬರೆದುಕೊಂಡ. "ಇದೇ ಮೊದ್ಲ ಸರ್ತಿಯಾ ಬಂದಿರದು?"

"ಎಲ್ಲೀ ಮೊದ್ಲು. ಮೂರ್ನೇ ಜ್ವರ ಕಣಪ್ಪ ಇದು."

ಮೂರನೇ ದಿನಕ್ಕೊಮ್ಮೆ ಮರುಕಳಿಸುವ ಜ್ವರದ ವಿಷಯ ತರಬೇತಿಯಲ್ಲಿ ಹೇಳಿಕೊಟ್ಟಿದ್ದರು. ಅವನು ಅಡಿಗೆರೆ ಎಳೆದ. "ಔಸ್ತಿ ಏನ್ ಕೊಟ್ರಿ?"

"ಔಸ್ತಿ ಯಾಕಪ್ಪ? ಒತ್ತಾದ್ರೆ ತಾವೇ ಎದ್ಕತವೆ. ಕೆಲವು ಏಳಾಕಿಲ್ಲ. ಏಳ್ದೇ ಇದ್ದವ ಆಯ್ದು ತಿಪ್ಪೆಗ್ ಸುರಿತೀವಿ."

ಚಿಕ್ಕಣ್ಣನ ಕೈಯಿಂದ ಪೆನ್ಸಿಲ್ ಬಿತ್ತು. "ತಿಪ್ಪೆಗಾ?"

"ಇನ್ನೇನ್ ಮಾಡಾದು? ಮಿಕ್ಕವಕ್ಕೂ ಅಂಟ್ಲಿ ಅಂತ ಒಳಗೇ ಮಡಿಕಳದಾ? ಕೆಲವು ಮನೇಲಿ ಕೋಳಿಗ್ ಆಕ್ತರೆ. ನಾವು ಲಿಂಗ ಕಟ್ದೋರು, ಕೋಳಿ ಸಾಕಾಕಿಲ್ಲ."

ಆ ತಾಯಿ ಹೇಳುತ್ತಿದ್ದದ್ದು ರೇಷ್ಮೆ ಹುಳದ ಮಾತು. ಚಂದಕವಾಡಿಯಲ್ಲಿ ಮನೆಮನೆಗೂ ಹುಳ ಸಾಕುತ್ತಿದ್ದರು. ರೇಷ್ಮೆ ಹುಳ ಬೆಳೆಯುತ್ತ ಬೆಳೆಯುತ್ತ ಆಗಾಗ ಸೊಪ್ಪು ತಿನ್ನುವುದನ್ನು ಬಿಟ್ಟು, ತಲೆ ಎತ್ತಿ, ಒಂದು ಹಗಲು ಒಂದು ರಾತ್ರಿ ಅಲ್ಲಾಡದೆ ಕೂತು ಪೊರೆ ಕಳಚುತ್ತದೆ. ಹುಳ ಸಾಕುವವರು ಅದಕ್ಕೆ ಜ್ವರ ಎನ್ನುತ್ತಾರೆ. ಆ ಹೊತ್ತಿನಲ್ಲಿ ಸದ್ದು ಮಾಡಬಾರದು, ಹೊರಗಿನವರು ಒಳಗೆ ಕಾಲಿಡಬಾರದು, ದೃಷ್ಟಿಯಾಗುತ್ತದೆಂದು ಅವುಗಳ ಹೆಸರನ್ನೂ ಎತ್ತಬಾರದು. ಹುಳ ಹೇಗಿವೆ ಎಂದು ವಿಚಾರಿಸಲು ರೇಷ್ಮೆ ಇಲಾಖೆಯವರು ಇಂಥದೇ ಸೈಕಲ್ಲಿನಲ್ಲಿ, ಇಂಥದೇ ಚೀಲ ಹಾಕಿಕೊಂಡು ಬರುತ್ತಿದ್ದರು. ದೊಡ್ಡಮಲ್ಲಮ್ಮ ಇವನನ್ನೂ ಅವರಲ್ಲೊಬ್ಬನೆಂದು ತಿಳಿದಳು. ಮದ್ದೂರಿನ ಚಿಕ್ಕಣ್ಣನಿಗಾದರೋ ಆನೆ ಗೊತ್ತಿತ್ತು, ಹುಳ ಗೊತ್ತಿರಲಿಲ್ಲ.

"ಒಂದ್ಸಲ ಒಳಕ್ಕೆ ಬಂದು ನೋಡ್ಲಾ ಅವ್ವ?"

"ಬ್ಯಾಡ ಕಣಪ್ಪ. ಜ್ವರದಿಂದ ಏಳ್ಲಿ, ಆಮೇಲ್ ಬಾ."

ಎದುರು ಮನೆಯ ಶಾಂತಮಲ್ಲಮ್ಮ ಜಗಲಿಯಲ್ಲಿ ಕಾಲು ಚಾಚಿ ಆರಾಮವಾಗಿ ಎಲೆಯಡಿಕೆ ಹಾಕಿಕೊಳ್ಳುತ್ತಿದ್ದಳು. ಅವಳಿಗೂ ಅದೇ ಪ್ರಶ್ನೆ.

"ನಮ್ಮವೂ ಕುಂತವೆ ಕಣಣ್ಣ. ಜ್ವರಕ್ ಮುಂಚೆ ಏನ್ ಒಟ್ಟೆಬಾಕತನ ಅಂತೀಯ, ಆಕಿದ್ದೇ ಆಕಿದ್ದು. ಸದ್ಯ ಜ್ವರ ಬಂತಲ್ಲ, ನಂಗೂ ಒಸಿ ಸೊಂಟ ನೆಟ್ಟಗ್ ಮಾಡಕ್ಕೆ ಪುರುಸೊತ್ತಾಯ್ತು."

ಹೆತ್ತ ಕರುಳು ಇಷ್ಟು ಕಲ್ಲಾಗುವುದನ್ನು ಚಿಕ್ಕಣ್ಣ ಮದ್ದೂರಿನ ಕಾಡಿನಲ್ಲೂ ಕಂಡಿರಲಿಲ್ಲ. ಮುಂದಿನ ಮನೆಯಲ್ಲೂ ಅದೇ ಮಾತು, ಅದರ ಮುಂದಿನ ಮನೆಯಲ್ಲೂ ಅದೇ. ತಲೆ ಗಿರ್ರೆಂದು, ಅವನು ಪುಟ್ಟಬಸಪ್ಪನ ಟೀ ಅಂಗಡಿಯ ಬೆಂಚಿನ ಮೇಲೆ ಕುಸಿದ.

ಪುಟ್ಟಬಸಪ್ಪನಿಗೆ ಟೀ ಮಾಡುವುದಕ್ಕಿಂತ ಪರರ ಕೆಲಸ ಮಾಡಿಕೊಡುವುದರಲ್ಲಿ ಹೆಚ್ಚು ಕೈ ಪಳಗಿತ್ತು. ಕೇಳದೆಯೇ ಚಿಕ್ಕಣ್ಣನ ಪುಸ್ತಕದೊಳಗೆ ಇಣುಕಿದ.

"ಜ್ವರ ಬರ್ಕಂತಿದೀಯಾ? ಒಂದೊಂದ್ ಮನೆ ಯಾಕ್ ಸುತ್ತೀಯ ಬುಡು. ಊರ್ಗೂರೇ ಕುಂತದೆ. ಐವತ್ತೆರಡು ಮನೆ."

"ಎಲ್ಲಾರ್ಗೂ ಒಂದೇ ದಿವ್ಸ ಎಂಗ್ ಬಂತು?"

"ಒಂದೇ ದಿವ್ಸ ಒಂದೇ ಬಸ್ಸಲ್ಲಿ ಮೈಸೂರಿಂದ ತಂದದ್ದಲ್ವಾ? ಅದ್ಕೇ ಎಲ್ಲ ಒಟ್ಟಿಗೆ ಕುಂತ್ವು. ನಾನೇ ಓಗಿ ತಂದಿದ್ದು, ಈ ಕೈಯಾರೆ ಅಂಚ್ದೆ."

ರೋಗದ ಮೂಲ ಮೈಸೂರು, ತಂದವನು ಎದುರಿಗೇ ನಿಂತಿದ್ದಾನೆ, ಹಂಚಿದ್ದನ್ನು ಹೆಮ್ಮೆಯಿಂದ ಹೇಳುತ್ತಿದ್ದಾನೆ. ಅವನು ಕೊಟ್ಟ ಟೀಯನ್ನು ಚಿಕ್ಕಣ್ಣ ಕುಡಿಯದೆ ಮೆಲ್ಲಗೆ ಕೆಳಗಿಟ್ಟ. ಐವತ್ತೆರಡು ಮನೆ, ಮನೆಗೆ ಆರು ಜನ. 'ಜ್ವರ: ಮುನ್ನೂರ ಹನ್ನೆರಡು' ಎಂದು ಬರೆದು, ಸೈಕಲ್ ಹತ್ತಿ, ಆರೇಳು ಮೈಲಿಯನ್ನು ಚಿರತೆ ಅಟ್ಟಿಸಿಕೊಂಡು ಬಂದ ಹಾಗೆ ತುಳಿದ.

ಶಿವರುದ್ರಸ್ವಾಮಿಯವರು ವರದಿಯನ್ನು ಎರಡು ಸಲ ಓದಿದರು. ಮುಖದಲ್ಲಿ ಮೊದಲು ಗಾಬರಿ ಕಂಡಿತು. ಅದರ ಹಿಂದೆಯೇ ಬೇರೊಂದು ಬೆಳಕು ಮೂಡಿತು.

"ಮುನ್ನೂರ ಹನ್ನೆರಡು. ಗುಂಡ್ಲುಪೇಟೆಯವರು ಎರಡು ತಿಂಗಳಲ್ಲಿ ಇಷ್ಟು ಹಿಡಿದಿಲ್ಲ. ನಿಜ ತಾನೆ?"

"ನಾನೇ ಕೇಳ್ದೆ ಸಾರ್. ಏಳ್ದೆ ಇದ್ದವ್ರನ್ನ ತಿಪ್ಪೆಗ್ ಹಾಕ್ತಾರಂತೆ."

"ಶಿವಶಿವಾ," ಎಂದರು ಸಾಹೇಬರು. ಮರುಗಳಿಗೆಗೆ ಜವಾನ ಅಂಚೆ ಕಚೇರಿಗೆ ಓಡಿದ. ಚಂದಕವಾಡಿಯಲ್ಲಿ ಮುನ್ನೂರ ಹನ್ನೆರಡು ಜ್ವರ, ಖುದ್ದಾಗಿ ಹೊರಟಿದ್ದೇನೆ ಎಂದು ಮೈಸೂರಿಗೆ ತಂತಿ ಹೋಯಿತು. ಜೀಪಿಗೆ ಡಿಡಿಟಿ ಡಬ್ಬಗಳು, ಎರಡು ಪಂಪು, ಔಷಧಿ ಸಿಂಪಡಿಸುವ ಇಬ್ಬರು ಆಳುಗಳು, ಮಾತ್ರೆಯ ದೊಡ್ಡ ಡಬ್ಬಿ ಏರಿದವು. ಚಿಕ್ಕಣ್ಣನಿಗೆ ಮುಂದಿನ ಸೀಟು ಸಿಕ್ಕಿತು. ದಾರಿಯುದ್ದಕ್ಕೂ ಸಾಹೇಬರು ಅವನ ಭುಜದ ಮೇಲೆ ಕೈ ಹಾಕಿಕೊಂಡಿದ್ದರು. "ನಿನ್ನ ಕೆಲಸ ಇನ್ನು ಖಾಯಂ ಅಂತಲೇ ತಿಳ್ಕೊ," ಎಂದರು. ಚಿಕ್ಕಣ್ಣನಿಗೆ ಸಂತೋಷವಾಗಬೇಕಿತ್ತು.

ಜೀಪು ಊರೊಳಕ್ಕೆ ಗುಡುಗುತ್ತ ನುಗ್ಗಿದ್ದೇ ತಡ, ಬೀದಿಯ ಹೆಂಗಸರೆಲ್ಲ ಬಾಗಿಲಿಗೆ ಬಂದು ತುಟಿಯ ಮೇಲೆ ಬೆರಳಿಟ್ಟುಕೊಂಡು ನಿಂತರು. ಸಾಹೇಬರು ದೊಡ್ಡಮಲ್ಲಮ್ಮನ ಜಗಲಿಯೇರಿ ಕೈ ಮುಗಿದರು.

"ಹೆದರಬೇಡಿ ತಾಯಿ. ಸರ್ಕಾರ ನಿಮ್ಮ ಜೊತೆ ಇದೆ. ಜ್ವರ ಬಂದಿರೋ ಎಲ್ಲರ ಬಾಯಿಗೂ ಒಂದೊಂದು ಮಾತ್ರೆ ಹಾಕಿಬಿಡ್ತೀವಿ."

"ಬಾಯಿಗಾ?" ಎಂದಳು ದೊಡ್ಡಮಲ್ಲಮ್ಮ. "ಅವಕ್ಕಾ?"

"ದೊಡ್ಡವರಿಗೆ ಒಂದು, ಚಿಕ್ಕವರಿಗೆ ಅರ್ಧ."

"ನಮ್ ಮನೇಲಿ ಎಲ್ಲಾ ಒಂದೇ ಅಳ್ತೆ. ಕಿರುಬೆರಳಿನ್ ಅರ್ಧ."

ಅವಳ ಸಂಕಟ ತಲೆಗೇರಿದೆ ಎಂದು ಸಾಹೇಬರಿಗೆ ಕನಿಕರವಾಯಿತು. ಆಳುಗಳ ಕಡೆ ತಿರುಗಿ, "ಮೊದಲು ಈ ಮನೆಗೇ ಹೊಡೀರಿ. ಗೋಡೆ, ಸೂರು, ಒಂದು ಮೂಲೆ ಬಿಡಬೇಡಿ," ಎಂದರು. ಡಬ್ಬದ ಮುಚ್ಚಳ ತೆರೆಯಿತು.

ಆ ವಾಸನೆ ಮೂಗಿಗೆ ಬಡಿದದ್ದೇ, ದೊಡ್ಡಮಲ್ಲಮ್ಮ ಬಾಗಿಲಿಗೆ ಅಡ್ಡ ನಿಂತಳು. ಎರಡು ಕೈ ಚೌಕಟ್ಟಿನ ಎರಡು ಬದಿಗೆ. ಹಿಂದಿನಿಂದ ಶಾಂತಮಲ್ಲಮ್ಮ ಪೊರಕೆ ಹಿಡಿದು ಬಂದಳು. ಅವಳ ಹಿಂದೆ ಬೀದಿಗೆ ಬೀದಿಯೇ ಬಂತು.

"ಒಂದ್ ತೊಟ್ಟು ಒಳಕ್ ಬಿದ್ರೆ ಎಲ್ಲ ಒಂದೇ ಏಟ್ಗೆ ಸಾಯ್ತವೆ," ಎಂದಳು ದೊಡ್ಡಮಲ್ಲಮ್ಮ. ದನಿ ಏರಿರಲಿಲ್ಲ. "ನನ್ನ ಮೊಮ್ಮಗಳ ಮದ್ವೆ ಅವುಗಳ ಮ್ಯಾಲೆ ನಿಂತದೆ. ನನ್ನ ಹೊಡ್ದು ಒಳಕ್ ಓಗಿ."

"ಅಮ್ಮ, ಸಾಯ್ತಾ ಇರೋರನ್ನ ಉಳಿಸೋಕೇ ನಾವು ಬಂದಿರೋದು."

"ಯಾರಪ್ಪ ಸಾಯ್ತಾ ಇರೋರು?"

"ನಿಮ್ಮ ಮಕ್ಕಳು."

"ನನ್ ಮಕ್ಳು ಹೊಲದಲ್ಲವ್ರೆ," ಎಂದಳು ಅವಳು. ಕ್ಷಣಕಾಲ ಸಾಹೇಬರನ್ನೂ ಚಿಕ್ಕಣ್ಣನನ್ನೂ ಒಬ್ಬರಾದ ಮೇಲೊಬ್ಬರನ್ನು ನೋಡಿದಳು. ಆಮೇಲೆ ದೃಷ್ಟಿ ತಾಗಿದರೆ ತಾಗಲಿ ಎಂದು ಒಳಗೆ ಹೋಗಿ, ಒಂದು ಬಿದಿರಿನ ತಟ್ಟೆಯನ್ನು ತುಂಬಿದ ಕೊಡದ ಹಾಗೆ ಎರಡು ಕೈಯಲ್ಲಿ ಹಿಡಿದು ತಂದಳು. ಅದರ ತುಂಬ ಬೆಳ್ಳನೆಯ ಹುಳಗಳು ತಲೆ ಎತ್ತಿಕೊಂಡು ಅಲುಗಾಡದೆ ಕೂತಿದ್ದವು.

"ಇಕಳಪ್ಪ, ನಿಮ್ ರೋಗಿಗಳು. ಮಾತ್ರೆ ಆಕಿ."

ಮೊದಲು ನಕ್ಕವನು ಪುಟ್ಟಬಸಪ್ಪ. ಆಮೇಲೆ ಪಂಪು ಹಿಡಿದ ಆಳುಗಳು. ಸದ್ದು ಮಾಡಬಾರದೆಂದು ಹೆಂಗಸರು ಸೆರಗು ಬಾಯಿಗೆ ತುರುಕಿಕೊಂಡು ನಕ್ಕರು. ಸಾಹೇಬರು ನಗಲಿಲ್ಲ. ರೇಷ್ಮೆ ಮನೆಗೆ ಡಿಡಿಟಿ ಹೊಡೆಯಕೂಡದು ಎಂಬ ಸುತ್ತೋಲೆಗೆ ಅವರೇ ಓದಿ ಸಹಿ ಹಾಕಿದ್ದರು. ಅದಕ್ಕಿಂತ ಹೆಚ್ಚಾಗಿ, ತಂತಿ ಆಗಲೇ ಮೈಸೂರು ಮುಟ್ಟಿತ್ತು.

ಅವರು ಚಿಕ್ಕಣ್ಣನನ್ನು ಜೀಪಿನ ಮರೆಗೆ ಎಳೆದುಕೊಂಡು ಹೋದರು. "ಒಂದು," ಎಂದರು. "ಈ ಊರಲ್ಲಿ ಒಂದೇ ಒಂದು ಮನುಷ್ಯ ಜ್ವರ ತೋರಿಸು. ಉಳಿದದ್ದನ್ನು ಬರಹದ ತಪ್ಪು ಅಂತಲಾದರೂ ಹೇಳಿಕೊಳ್ತೀನಿ."

ಹುಡುಕಾಟ ಶುರುವಾಯಿತು. ಊರವರಿಗೆ ಈಗ ಸಾಹೇಬರ ಮೇಲೆ ಪ್ರೀತಿಯೇ ಹುಟ್ಟಿತ್ತು, ಎಲ್ಲರೂ ಹಣೆ ಒಡ್ಡಲು ಸಾಲು ನಿಂತರು. ಒಬ್ಬನಿಗೆ ಕುರು, ಒಬ್ಬನಿಗೆ ಉಳುಕು. ಬಿಸಿಲಲ್ಲಿ ಉತ್ತು ಬಂದವನ ನೆತ್ತಿ ಸುಡುತ್ತಿತ್ತು, ನೀರು ಕುಡಿದ ಮೇಲೆ ಅದೂ ಆರಿತು. ಮೂರು ದಿನದಿಂದ ಕೆಮ್ಮುತ್ತಿದ್ದ ಮರಿಯಪ್ಪ ಎಂಬ ಮುದುಕನನ್ನು ನಾಲ್ಕು ಜನ ಎತ್ತಿ ತಂದರು. "ನಂಗೇನಾಗದೆ? ನಿಮ್ಮಪ್ಪನ್ಗೆ ಜ್ವರ," ಎಂದು ಅವನು ಎದ್ದು ನಡೆದೇ ಹೋದ.

"ಇಷ್ಟಕ್ಕೆಲ್ಲ ಯಾಕ್ ಒದ್ದಾಡ್ತೀರಿ ಸಾಮಿ," ಎಂದು ಪುಟ್ಟಬಸಪ್ಪ ಮುಂದೆ ಬಂದ. ಉಷ್ಣಮಾಪಕದ ಗಾಜುಕಡ್ಡಿಯನ್ನು ಸಾಹೇಬರ ಕೈಯಿಂದ ತಾನೇ ಇಸಿದುಕೊಂಡು, ಕುದಿಯುತ್ತಿದ್ದ ಟೀ ಪಾತ್ರೆಗೆ ಅದ್ದಿದ. ಟಪ್ ಎಂದು ಸದ್ದಾಯಿತು. ಅವನು ಅರ್ಧ ಕಡ್ಡಿಯನ್ನು ಮೇಲೆತ್ತಿ ನೋಡಿ, "ಬಾಳ ಜ್ವರ ಅದೆ," ಎಂದ.

ಸಾಹೇಬರು ಜೀಪು ಹತ್ತಿದರು. ಮಾತ್ರೆಯ ಡಬ್ಬಿಯನ್ನೂ ಚಿಕ್ಕಣ್ಣನ ಚೀಲದಲ್ಲಿದ್ದ ಮಾತ್ರೆಗಳನ್ನೂ ತೆಗೆದುಕೊಂಡರು. "ನೀನು ಇಲ್ಲೇ ಇರು. ಮನುಷ್ಯ ಜ್ವರ ಸಿಗೋವರೆಗೂ ಮುಖ ತೋರಿಸಬೇಡ," ಎಂದರು. ಖಾಯಂ ಕೆಲಸ ಧೂಳೆಬ್ಬಿಸಿಕೊಂಡು ಚಾಮರಾಜನಗರದ ಕಡೆ ಹೊರಟುಹೋಯಿತು. ಸೈಕಲ್ಲು ಆಫೀಸಿನಲ್ಲೇ ಉಳಿದಿತ್ತು.

ಚಿಕ್ಕಣ್ಣ ದೊಡ್ಡಮಲ್ಲಮ್ಮನ ಜಗಲಿಯಲ್ಲಿ ತಲೆಯ ಮೇಲೆ ಕೈ ಹೊತ್ತು ಕೂತ. ದೊಡ್ಡಮಲ್ಲಮ್ಮ ಒಂದು ಲೋಟ ಮಜ್ಜಿಗೆ ತಂದಿಟ್ಟಳು.

"ಕುಡಿ ಮಗ. ನೀನೂ ಬೇಕಂತ ಮಾಡಿದ್ದಲ್ಲ, ನಾನೂ ಬೇಕಂತ ಯೋಳಿದ್ದಲ್ಲ."

ಆಮೇಲೆ ಅವಳು ಈಳಿಗೆಯ ಮುಂದೆ ಕೂತು, ಏಳುವ ಹುಳಗಳಿಗೆಂದು ಹಿಪ್ಪುನೇರಳೆ ಸೊಪ್ಪನ್ನು ಹೆಚ್ಚತೊಡಗಿದಳು. ಜ್ವರ ಎದ್ದ ಮೇಲೆ ದಿನಕ್ಕೆ ಐದು ಸಲ ಹಾಕಬೇಕು, ಒಂದು ಸಲ ತಪ್ಪಿದರೂ ಸೊರಗುತ್ತವೆ ಎಂದು ಹೇಳುತ್ತಿದ್ದಳು. ಚಿಕ್ಕಣ್ಣನಿಗೆ ಅವಳ ಮಾತು ಬಾವಿಯೊಳಗಿಂದ ಬಂದಂತೆ ಕೇಳಿಸಿತು. ಇಳಿಬಿಸಿಲು ಮುಖಕ್ಕೆ ಹೊಡೆಯುತ್ತಿದ್ದರೂ ಚಳಿಯಾಯಿತು. ಹಲ್ಲು ಕಟಕಟ ಎಂದವು. ಹದಿನೈದು ದಿನದ ಹಿಂದೆ ತಂಗಿಯ ಮದುವೆಗೆಂದು ಮದ್ದೂರಿಗೆ ಹೋಗಿ, ಎರಡು ರಾತ್ರಿ ಚಪ್ಪರದಡಿ ಮಲಗಿದ್ದು ನೆನಪಾಯಿತು.

ದೊಡ್ಡಮಲ್ಲಮ್ಮ ಅವನ ಹಣೆ ಮುಟ್ಟಿ ಕೈ ಹಿಂದಕ್ಕೆಳೆದಳು. "ಕೆಂಡ ಆಗದೆಯಲ್ಲೊ ಮಗ."

ಚಿಕ್ಕಣ್ಣನ ಮುಖ ಅರಳಿತು. ಅಷ್ಟು ಸಂತೋಷದಿಂದ ಚಳಿಜ್ವರ ಬರಿಸಿಕೊಂಡವನು ಈ ಭೂಮಿಯ ಮೇಲೆ ಇನ್ನೊಬ್ಬನಿರಲಾರ. ನಡುಗುವ ಬೆರಳಿಗೆ ತಾನೇ ಸೂಜಿ ಚುಚ್ಚಿಕೊಂಡು ಗಾಜಿನ ಪಟ್ಟಿಗೆ ರಕ್ತ ಹಚ್ಚಿದ. 'ಚಂದಕವಾಡಿ. ಜ್ವರ: ಒಂದು. ಮನುಷ್ಯ. ಹೆಸರು ಚಿಕ್ಕಣ್ಣ' ಎಂದು ಬರೆದು, ಕೊನೆಯ ಬಸ್ಸಿಗೆ ಪುಟ್ಟಬಸಪ್ಪನನ್ನು ಹತ್ತಿಸಿದ. ಹೋಗುವ ಕೆಲಸ ತನ್ನದಲ್ಲವಾದ್ದರಿಂದ ಪುಟ್ಟಬಸಪ್ಪ ಖುಷಿಯಿಂದಲೇ ಹೋದ. ಬಸ್ಸು ಬಿಡುವಾಗ ದೊಡ್ಡಮಲ್ಲಮ್ಮ ಕೂಗಿ ಹೇಳಿದಳು: "ನಮ್ಮವೆಲ್ಲ ಜ್ವರದಿಂದ ಎದ್ವು ಅಂತ ಸಾಹೇಬ್ರಿಗೆ ಯೋಳ್ಬುಡು. ಪಾಪ, ನೊಂದ್ಕಂಡ್ ಓದ್ರು."

ರಾತ್ರಿಯೆಲ್ಲ ಚಿಕ್ಕಣ್ಣ ಮೂರು ಕಂಬಳಿಯಡಿ ನಡುಗಿ, ಬೆವರಿ, ಬೆಳಗಿನ ಜಾವಕ್ಕೆ ಬಸವಳಿದು ಮಲಗಿದ. ಮೊದಲ ಬಸ್ಸಿಗೆ ಪುಟ್ಟಬಸಪ್ಪ ಒಂದು ಕಾಗದ ಹಿಡಿದು ಬಂದ. ಅವನ ಮುಖದಲ್ಲಿ ಸ್ವಲ್ಪ ಅಳುಕಿತ್ತು.

"ನಾ ಓದ ತಕ್ಷಣ ಎಲ್ಲ ಜ್ವರದಿಂದ ಎದ್ವು ಸಾಮಿ ಅಂದೆ. ಸಾಹೇಬ್ರು ಕುಣ್ದಾಡ್ಬುಟ್ರು. ಆಗಿಂದಾಗ್ಲೇ ತಂತಿ ಕೊಟ್ರು. ನಿನ್ ಚೀಟಿ ಜೋಬಲ್ಲಿರದು ನಂಗೆ ಆಮೇಲ್ ನೆಪ್ಪಾಯ್ತು ಕಣ್ಲಾ."

ಚಿಕ್ಕಣ್ಣ ಕಾಗದ ಬಿಡಿಸಿದ. ಸಾಹೇಬರ ಕೈಬರಹ ದುಂಡಾಗಿತ್ತು. 'ಮುನ್ನೂರ ಹನ್ನೆರಡು ಮಂದಿಯೂ ಒಂದೇ ದಿನದಲ್ಲಿ ಗುಣಮುಖರಾದರೆಂದೂ ಚಂದಕವಾಡಿ ಜ್ವರಮುಕ್ತವಾಯಿತೆಂದೂ ಮೈಸೂರಿಗೆ ತಿಳಿಸಲಾಗಿದೆ. ಆದಕಾರಣ ನಿನ್ನ ಜ್ವರವನ್ನು ಈ ತಾಲ್ಲೂಕಿನಲ್ಲಿ ಸ್ವೀಕರಿಸಲು ಬರುವುದಿಲ್ಲ. ನೀನು ಮದ್ದೂರಿನವನು. ಸದರಿ ಜ್ವರವನ್ನು ಮೊದಲ ಬಸ್ಸಿನಲ್ಲಿ ಗುಂಡ್ಲುಪೇಟೆಗೆ ಕೊಂಡೊಯ್ದು ಅಲ್ಲಿ ದಾಖಲು ಮಾಡಿಸತಕ್ಕದ್ದು. ನಡೆದದ್ದನ್ನು ಯಾರಿಗಾದರೂ ಹೇಳಿದರೆ ಕೆಲಸ ಹೋಯಿತೆಂದು ತಿಳಿಯತಕ್ಕದ್ದು.'

ಊರವರು ಅವನನ್ನು ಕಂಬಳಿಯಲ್ಲಿ ಸುತ್ತಿ, ಬುತ್ತಿ ಕಟ್ಟಿಕೊಟ್ಟು ಬಸ್ಸು ಹತ್ತಿಸಿದರು. ಚಾಮರಾಜನಗರದಲ್ಲಿ ಇಳಿದು ಇನ್ನೊಂದು ಬಸ್ಸು ಹಿಡಿದ. ತೆರಕಣಾಂಬಿ ದಾಟುವ ಹೊತ್ತಿಗೆ ಮತ್ತೆ ಮೈ ಕಾದಿತ್ತು. ಗುಂಡ್ಲುಪೇಟೆಯ ಮಲೇರಿಯಾ ಆಫೀಸಿನ ಮೆಟ್ಟಿಲನ್ನು ಗೋಡೆ ಹಿಡಿದುಕೊಂಡೇ ಹತ್ತಿದ.

ಅಲ್ಲಿನ ಇನ್ಸ್‌ಪೆಕ್ಟರ್ ಮರಿಮಲ್ಲಪ್ಪನವರು ಒಂದು ತಂತಿಯನ್ನು ಕೈಯಲ್ಲಿ ಹಿಡಿದು, ಮಾವಿನಕಾಯಿ ಕಚ್ಚಿದವರ ಹಾಗೆ ಮುಖ ಮಾಡಿಕೊಂಡಿದ್ದರು. ಚಾಮರಾಜನಗರದವರು ಒಂದೇ ದಿನದಲ್ಲಿ ಮುನ್ನೂರ ಹನ್ನೆರಡು ಜನರನ್ನು ಗುಣಪಡಿಸಿದ್ದಾರೆ, ನೀವು ವಾರಕ್ಕೆ ಮೂವತ್ತು ಹಿಡಿಯುವುದಲ್ಲದೆ ಮತ್ತೇನು ಮಾಡಿದ್ದೀರಿ ಎಂದು ಮೈಸೂರಿನವರು ಕೇಳಿದ್ದರು.

"ಸಾರ್, ನಂಗೆ ಜ್ವರ," ಎಂದ ಚಿಕ್ಕಣ್ಣ. "ನಮ್ ಸಾಹೇಬ್ರು ಇಲ್ಲಿಗ್ ಕಳಿಸ್ಯವ್ರೆ. ಚಂದಕವಾಡಿಯಿಂದ ಬಂದೆ."

ಮರಿಮಲ್ಲಪ್ಪನವರು ಕುರ್ಚಿಯಿಂದ ಎದ್ದರು. "ಚಂದಕವಾಡಿಯಿಂದಾ? ಆ ಊರಿನ ಕೆಲಸ ನೋಡಿಕೊಳ್ಳೋನು ನೀನೇನಾ?"

ಅವನನ್ನು ಅವರೇ ಕೈ ಹಿಡಿದು ಬೆಂಚಿನ ಮೇಲೆ ಕೂರಿಸಿದರು. ಜವಾನನಿಗೆ ಹೇಳಿ ಬಾಗಿಲು ಹಾಕಿಸಿದರು. ಎರಡು ದಿನದಲ್ಲಿ ಚಿಕ್ಕಣ್ಣನಿಗೆ ಸಿಕ್ಕ ಎರಡನೆಯ ಮರ್ಯಾದೆ ಅದು. ಅವನಿಗೆ ದಿಗಿಲಾಯಿತು.

"ನಿಜ ಹೇಳಪ್ಪ. ಮಾತ್ರೆಯಿಂದ ಗುಣವಾಗೋಕೆ ಮೂರು ದಿನವಾದರೂ ಬೇಕು. ನೀವು ಒಂದೇ ದಿನಕ್ಕೆ ಎಬ್ಬಿಸಿದ್ದೀರಿ. ಏನು ಕೊಟ್ಟಿರಿ ಅವರಿಗೆ?"

ನಡೆದದ್ದನ್ನು ಹೇಳಿದರೆ ಕೆಲಸ ಹೋಗುತ್ತದೆ. ಸುಳ್ಳು ಕಟ್ಟಲು ಚಿಕ್ಕಣ್ಣನಿಗೆ ಬರುತ್ತಿರಲಿಲ್ಲ, ಬಂದರೂ ಆ ಜ್ವರದಲ್ಲಿ ಹೊಳೆಯುತ್ತಿರಲಿಲ್ಲ. ಕೊಟ್ಟದ್ದೇನು ಎಂದಷ್ಟೇ ತಾನೆ ಕೇಳಿದ್ದು.

"ಸೊಪ್ಪು ಸಾರ್," ಎಂದ.

"ಯಾವ ಸೊಪ್ಪು?"

"ಹಿಪ್ಪುನೇರಳೆ. ಸಣ್ಗೆ ಹೆಚ್ಚಿ. ದಿನಕ್ಕೈದು ಸಲ."

ಮರಿಮಲ್ಲಪ್ಪನವರು ಒಂದಕ್ಷರ ಬಿಡದೆ ಬರೆದುಕೊಂಡರು. ಜವಾನನನ್ನು ಕರೆದು ಸೈಕಲ್ ಕೊಟ್ಟು, ಎಲ್ಲಿ ಸಿಕ್ಕರೆ ಅಲ್ಲಿಂದ ಒಂದು ಕುಕ್ಕೆ ತರುವಂತೆ ಅಟ್ಟಿದರು.

"ಸಾರ್, ನಂಗೊಂದು ಮಾತ್ರೆ ಕೊಡ್ಸಿ. ನಿಮ್ ಬೀರೂಲಿ ಕಾಣಿಸ್ತಾ ಅದೆ."

"ಮಾತ್ರೆನೂ ಕೊಟ್ಟು ಸೊಪ್ಪೂ ಕೊಟ್ಟರೆ ಯಾವುದರಿಂದ ಗುಣವಾಯಿತು ಅಂತ ಮೈಸೂರಿಗೆ ಹೇಗಪ್ಪ ಬರೆಯೋದು? ಮೊದಲು ಸೊಪ್ಪು. ಮುನ್ನೂರ ಹನ್ನೆರಡು ಜನ ಎದ್ದಿದ್ದಾರೆ, ನೀನೊಬ್ಬ ಏಳೋದಿಲ್ಲವೆ?"

ಒಂದು ಗಂಟೆಯೊಳಗೆ ಜವಾನ ಕುಕ್ಕೆ ತುಂಬ ಸೊಪ್ಪು ತಂದ. ಆಫೀಸಿನ ಹಿಂದಿನ ಮನೆಯಿಂದ ಈಳಿಗೆ ಬಂತು. ಸಣ್ಣಗೆ ಹೆಚ್ಚಿದ ಸೊಪ್ಪನ್ನು ಮುತ್ತುಗದ ಎಲೆಯ ಮೇಲೆ ಗುಡ್ಡೆ ಹಾಕಿ ಚಿಕ್ಕಣ್ಣನ ಮುಂದಿಟ್ಟರು. ಮರಿಮಲ್ಲಪ್ಪನವರು ಎದುರಿಗೆ ಕುರ್ಚಿ ಎಳೆದುಕೊಂಡು, ಕೈಗಡಿಯಾರ ಬಿಚ್ಚಿ ಮೇಜಿನ ಮೇಲಿಟ್ಟು, ಪೆನ್ಸಿಲ್ ಚೂಪು ಮಾಡಿಕೊಂಡು ಕೂತರು.

ಚಿಕ್ಕಣ್ಣ ಬೀರುವಿನ ಗಾಜಿನಾಚೆ ಸಾಲಾಗಿ ನಿಂತಿದ್ದ ಮಾತ್ರೆಯ ಡಬ್ಬಿಗಳನ್ನು ಒಮ್ಮೆ ನೋಡಿ, ಕಂಬಳಿಯೊಳಗಿಂದ ಕೈ ಚಾಚಿ ಒಂದು ಹಿಡಿ ಸೊಪ್ಪನ್ನು ಬಾಯಿಗೆ ಹಾಕಿಕೊಂಡ.

"ಅವಸರ ಮಾಡಬೇಡ, ನಿಧಾನವಾಗಿ ಅಗಿ," ಎಂದರು ಮರಿಮಲ್ಲಪ್ಪನವರು ಅಕ್ಕರೆಯಿಂದ. "ಇವತ್ತಿಗೆ ಇನ್ನೂ ನಾಲ್ಕು ಸಲ ಇದೆ."